ಸಹಾಯ ಬೇಕು: ಲ್ಯಾಪ್‌ಟಾಪಿನ ಮೂಲ ಮ್ಯಾಕ್ ವಿಳಾಸ ತಿಳಿಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ವಿಜಯಪುರದಲ್ಲಿ ನಾನು ಪರೀಕ್ಷೆಗೆ ಓದಲು ಹೋಗುವ ವಾಚನಾಲಯದಲ್ಲಿ ವೈಫೈ ಬೇಕಾದವರು ತಮ್ಮ ಲ್ಯಾಪ್‌ಟಾಪಿನ ಮ್ಯಾಕ್ ವಿಳಾಸವನ್ನು (ನೆಟ್‌ವರ್ಕ್‌ನಲ್ಲಿ ಸಾಧನವನ್ನು ಗುರುತಿಸುವ ವಿಳಾಸ) ಅರ್ಜಿಯಲ್ಲಿ ಬರೆದುಕೊಡಬೇಕು. ವಿಂಡೋಸ್ 11ರ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಐಪಿಕಾನ್ಫಿಗ್’ ಆದೇಶಕ್ಕೆ ‘ಆಲ್’ ಸೇರಿಸಿ ಕೊಟ್ಟಾಗ ಈಥರ್ನೆಟ್, ವೈಫೈ, ಬ್ಲೂಟೂತ್ ಎಂದು ಮೂರು ಬಗೆಯ ‘ಫಿಸಿಕಲ್ ಅಡ್ರೆಸ್’ (ಅಂದರೆ ಮ್ಯಾಕ್ ವಿಳಾಸ) ಕಂಡವು. ಅವುಗಳಲ್ಲಿ ವೈಫೈನ 12 ಅಂಕಿ-ಅಕ್ಷರಗಳ ವಿಳಾಸವನ್ನೇ ಬರೆದುಕೊಟ್ಟೆ. ಅಂದು ಸಂಪರ್ಕ ಸಿಕ್ಕಿತು, ಮರುದಿನ ಸಿಗಲಿಲ್ಲ. ಮತ್ತೆ ಪರಿಶೀಲಿಸಿದರೆ ವಿಳಾಸವೇ ಬೇರೆಯಾಗಿತ್ತು! ಕಾರ್ಖಾನೆಯಲ್ಲೇ ನಿಗದಿಯಾಗುವ ಈ ವಿಳಾಸ ತಾನಾಗಿ ಬದಲಾಗದು ಎಂದೇ ನಾನು ನಂಬಿದ್ದೆ. ಹುಡುಕಿದಾಗ, ಸೆಟ್ಟಿಂಗ್ಸ್‌ನಲ್ಲಿ ಆ ವೈಫೈಗೆ ‘ರ್‍ಯಾಂಡಮ್ ಹಾರ್ಡ್‌ವೇರ್ ಅಡ್ರೆಸಸ್’ ಎಂಬ, ಮೂಲ ವಿಳಾಸದ ಬದಲು ಬೇರೊಂದನ್ನು ಬಳಸುವ ಆಯ್ಕೆ ಪ್ರತಿದಿನ ಬದಲಾಗುವಂತೆ ಇರುವುದು ಕಂಡಿತು. ಅರ್ಜಿಯನ್ನು ಮತ್ತೆ ಮತ್ತೆ ತಿದ್ದಿಸಲು ಸಂಕೋಚವಾಗುತ್ತಿದೆ.

ಆ ಆಯ್ಕೆಯನ್ನು ಈ ಒಂದು ವೈಫೈಗೆ ಮಾತ್ರ ನಿಲ್ಲಿಸಿ, ಮತ್ತೆ ಸಂಪರ್ಕಿಸಿದ ಬಳಿಕ ಅದೇ ಆದೇಶ ತೋರಿಸುವ ವಿಳಾಸವು ಮೂಲ ವಿಳಾಸವೇ ಆಗಿರುತ್ತದೆಯೇ?