ಕಾಲೇಜಿನ ಶೆಡ್ಡಿನಲ್ಲಿರುವ ಹಳೆಯ ವಿಮಾನ ಎಂಜಿನ್ನಿನ ಜೀರ್ಣೋದ್ಧಾರ: ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ (ಪಾಲಿಟೆಕ್ನಿಕ್ ಉಪನ್ಯಾಸಕ, ಮೈಸೂರು ಸೀಮೆ)

ಮಾನ್ಯರೇ, ನಮ್ಮ ವರ್ಕ್‌ಶಾಪಿನ ಹಿಂದಿನ ಶೆಡ್ಡಿನಲ್ಲಿ, ನನಗಿಂತ ಬಹಳ ಹಿಂದಿನ ಅಧ್ಯಾಪಕರ ಕಾಲದಲ್ಲಿ ಪಾಠಕ್ಕೆಂದು ತಂದಿಟ್ಟ ವಿಮಾನದ ಎಂಜಿನ್ ಒಂದಿದೆ. ಎರಡು ಸಾಲುಗಳಲ್ಲಿ, ಸಾಲಿಗೆ ಏಳರಂತೆ ಒಟ್ಟು 14 ಸಿಲಿಂಡರುಗಳಿವೆ. ಪ್ರೊಪೆಲ್ಲರ್ ಕೂಡ ಜೊತೆಗಿದೆ. ಅದಕ್ಕೆ ಅಂಟಿಸಿರುವ ಲೋಹದ ಪಟ್ಟಿಯಲ್ಲಿ ‘ಆರ್-1830-65’ ಎಂದೂ, ತಯಾರಕರ ಹೆಸರು ‘ಬ್ಯೂಕ್’ ಎಂದೂ ಇದೆ. ಬ್ಯೂಕ್ ಎಂದರೆ ಕಾರಿನ ಕಂಪನಿಯಾದ್ದರಿಂದ, ಇದು ನಿಜವಾಗಿ ವಿಮಾನದ್ದೇ ಎಂಬ ಅನುಮಾನ ಕೆಲವರಿಗೆ ಬಂದಿದೆ. ಅಕ್ಟೋಬರ್ 8ರ ವಾಯುಪಡೆ ದಿನದಂದು ಇದನ್ನು ಗೌರವದಿಂದ ಪ್ರದರ್ಶನಕ್ಕಿಡಬೇಕೆಂಬುದು ವಿದ್ಯಾರ್ಥಿಗಳ ಆಸೆ. ಸ್ಯಾಂಡ್ ಬ್ಲಾಸ್ಟಿಂಗ್ ಮಾಡಿಸಿ ಬೆಳ್ಳಿಬಣ್ಣ ಹೊಡೆಸೋಣ ಎನ್ನುವವರಿದ್ದಾರೆ. ಚಾಲೂ ಮಾಡಿಯೇ ತೋರಿಸೋಣ ಎನ್ನುವವರೂ ಇದ್ದಾರೆ. ತಿಳಿದವರು ದಾರಿ ತೋರಿಸಬೇಕೆಂದು ಕೋರುತ್ತೇನೆ.

ಉತ್ತರ 1 (ವಿಮಾನ ಇತಿಹಾಸದ ಓದುಗ, ಬೆಂಗಳೂರು)

ಅನುಮಾನ ಬೇಡ, ಅದು ವಿಮಾನದ ಎಂಜಿನ್ನೇ. ಆರ್-1830 ಎಂದರೆ ಪ್ರ್ಯಾಟ್ ಅಂಡ್ ವಿಟ್ನಿ ಕಂಪನಿಯ ‘ಟ್ವಿನ್ ವಾಸ್ಪ್’ ಎಂಜಿನ್. ಅದಕ್ಕೆ ಎರಡನೆಯ ಮಹಾಯುದ್ಧದಲ್ಲಿ ಎಷ್ಟು ಬೇಡಿಕೆಯಿತ್ತೆಂದರೆ, ಬ್ಯೂಕ್ ಮತ್ತು ಷೆವರ್ಲೆ ಕಾರು ಕಾರ್ಖಾನೆಗಳೂ ಪರವಾನಗಿ ಪಡೆದು ಅದನ್ನು ತಯಾರಿಸಿದವು. 1830 ಎನ್ನುವುದು ಘನ ಇಂಚುಗಳಲ್ಲಿ ಅದರ ಸಿಲಿಂಡರುಗಳೊಳಗಿನ ಒಟ್ಟು ಗಾತ್ರ, ಅಂದರೆ ಸುಮಾರು 30 ಲೀಟರ್. ಕೊನೆಯ 65 ಎಂಬ ಅಂಕೆಯೇ ಇಲ್ಲಿ ಮುಖ್ಯ, ಏಕೆಂದರೆ ಅದು ಬಿ-24 ಲಿಬರೇಟರ್ ಬಾಂಬರುಗಳಲ್ಲಿ ಬಳಸಿದ ಮಾದರಿ.

ಲಿಬರೇಟರಿಗೂ ನಮ್ಮ ಬೆಂಗಳೂರಿಗೂ ನಿಕಟವಾದ ನಂಟಿದೆ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಸಹಕಾರದಿಂದ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ (ಇಂದಿನ ಎಚ್‌ಎಎಲ್) ಕಾರ್ಖಾನೆಯನ್ನು 1943ರಲ್ಲಿ ಅಮೆರಿಕದ ಸೇನಾ ವಾಯುಪಡೆಯ ದುರಸ್ತಿ ಡಿಪೋ ಆಗಿ ಬಳಸಿಕೊಳ್ಳಲಾಯಿತು. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಹಾಳುಗೆಡವಿ ಬಿಟ್ಟುಹೋಗಿದ್ದ ಲಿಬರೇಟರುಗಳಲ್ಲಿ ನಲವತ್ತರಷ್ಟನ್ನು, ಹಾರಿಸಲು ಸಾಧ್ಯವಾಗುವಷ್ಟು ಮಾತ್ರ ಸರಿಪಡಿಸಿ, ಟೆಸ್ಟ್ ಪೈಲಟ್ ಜಮ್ಶೆಡ್ ಮುನ್ಷಿಯವರು ಬೆಂಗಳೂರಿಗೆ ಹಾರಿಸಿ ತಂದರು. ಇಲ್ಲಿನ ಕೆಲಸಗಾರರು ಅವುಗಳನ್ನು ಪೂರ್ತಿ ಸಜ್ಜುಗೊಳಿಸಿದರು. ಅವು 1968ರವರೆಗೆ ಭಾರತೀಯ ವಾಯುಪಡೆಯಲ್ಲಿ ಸೇವೆ ಸಲ್ಲಿಸಿದವು. ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ಮ್ಯೂಸಿಯಂನಲ್ಲಿರುವ ಲಿಬರೇಟರ್ ಕೂಡ ನಮ್ಮ ವಾಯುಪಡೆಯಿಂದಲೇ ಹೋದದ್ದು. ಹಾಗೆಂದು ನಿಮ್ಮ ಎಂಜಿನ್ ಯುದ್ಧ ಕಂಡಿದೆ ಎಂದು ದಾಖಲೆಯಿಲ್ಲದೆ ಫಲಕ ಬರೆಸಬೇಡಿ. ಕ್ರಮಸಂಖ್ಯೆಯನ್ನೂ, ಓವರ್‌ಹಾಲ್ ಮಾಡಿದವರು ಗುದ್ದಿರುವ ಗುರುತುಗಳನ್ನೂ ಮೊದಲು ಬರೆದಿಟ್ಟುಕೊಳ್ಳಿ.

ಉತ್ತರ 2 (ವಾಯುಪಡೆಯ ನಿವೃತ್ತ ಎಂಜಿನ್ ಫಿಟರ್)

ಸ್ಯಾಂಡ್ ಬ್ಲಾಸ್ಟಿಂಗ್ ಮಾಡಿಸಲೇಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಮರಳಿನ ಕಣಗಳು ಒಳಗೆ ಸೇರಿದರೆ ಬೇರಿಂಗುಗಳು ಕೆಡುತ್ತವೆ. ಅದಕ್ಕಿಂತ ಮಿಗಿಲಾಗಿ, ಈ ಎಂಜಿನ್ನಿನ ಮೇಲೆ ಕೆಲಸ ಮಾಡಿದವರ ಬಣ್ಣದ ಗೆರೆ, ಪಂಚ್ ಗುರುತು, ಸೇಫ್ಟಿ ವೈರ್ ಕಟ್ಟಿದ ರೀತಿ ಎಲ್ಲವೂ ಅಳಿಸಿಹೋಗುತ್ತದೆ. ಅವರ ಹೆಸರು ಯಾವ ಫಲಕದಲ್ಲೂ ಇಲ್ಲ, ಅವರ ಕೈಯ ಗುರುತು ಇರುವುದು ಅಲ್ಲಿ ಮಾತ್ರ. ಸೀಮೆಎಣ್ಣೆ, ಮೆತ್ತನೆಯ ಬ್ರಷ್, ಬಟ್ಟೆ, ಇಷ್ಟರಿಂದಲೇ ತೊಳೆಯಿರಿ. ಕಾಸ್ಟಿಕ್ ಸೋಡಾ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ, ಅದನ್ನು ಹತ್ತಿರಕ್ಕೂ ತರಬೇಡಿ. ಕೆಲವು ಕವಚಗಳು ಮೆಗ್ನೀಸಿಯಂನವು ಇರಬಹುದು; ಅದರ ಪುಡಿಗೆ ಬೆಂಕಿ ತಗುಲಿದರೆ ನೀರು ಹಾಕಿದಷ್ಟೂ ಹೆಚ್ಚುತ್ತದೆಯಾದ್ದರಿಂದ ಎಲ್ಲಿಯೂ ಗ್ರೈಂಡರ್ ಹಚ್ಚಬೇಡಿ. ಹಳೆಯ ನಟ್ಟು ಬೋಲ್ಟುಗಳ ಕ್ಯಾಡ್ಮಿಯಂ ಲೇಪವನ್ನು ತಂತಿ ಬ್ರಷ್ಷಿನಿಂದ ಉಜ್ಜಿದರೆ ಏಳುವ ಧೂಳು ವಿಷ. ಮಕ್ಕಳು ಕೆಲಸ ಮಾಡುವ ಜಾಗವಾದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಪ್ರೊಪೆಲ್ಲರನ್ನು ಈಗಲೇ ಕೈಯಲ್ಲಿ ತಿರುಗಿಸಬೇಡಿ. ಸ್ಪಾರ್ಕ್ ಪ್ಲಗ್ಗುಗಳಿಗೆ ವಿದ್ಯುತ್ ಒದಗಿಸುವ ಮ್ಯಾಗ್ನೆಟೊ ಬ್ಯಾಟರಿಯಿಲ್ಲದೆಯೇ ಕಿಡಿ ಹುಟ್ಟಿಸುವುದರಿಂದ, ಮೊದಲು ಅದರ ಅರ್ಥಿಂಗ್ ಸರಿಯಿದೆಯೇ ಎಂದು ನೋಡಿ. ಆಮೇಲೆ ಸಿಲಿಂಡರಿಗೆ ಎರಡರಂತೆ ಇರುವ 28 ಸ್ಪಾರ್ಕ್ ಪ್ಲಗ್ಗುಗಳನ್ನೂ ಬಿಚ್ಚಿರಿ, ಕೆಳಗಿನ ಸಿಲಿಂಡರುಗಳದ್ದನ್ನು ಮೊದಲು ಬಿಚ್ಚಿರಿ. ಸಿಲಿಂಡರುಗಳು ಚಕ್ರದ ಅರಗಳಂತೆ ಸುತ್ತಲೂ ಇರುವ ಇಂಥ ರೇಡಿಯಲ್ ಎಂಜಿನ್ನಿನಲ್ಲಿ ಎಣ್ಣೆ ಇಳಿದು ಕೆಳಗಿನ ಸಿಲಿಂಡರುಗಳಲ್ಲಿ ನಿಲ್ಲುತ್ತದೆ. ದ್ರವ ಅದುಮಿಕೊಳ್ಳುವುದಿಲ್ಲವಾದ್ದರಿಂದ, ಬಲವಂತವಾಗಿ ತಿರುಗಿಸಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಪ್ರತಿ ಸಿಲಿಂಡರಿಗೂ ತೆಳು ಎಣ್ಣೆ ಬಿಟ್ಟು, ಕೆಲವು ದಿನ ನೆನೆಯಲು ಬಿಡಿ. ಬೋರ್‌ಸ್ಕೋಪ್ ಇಳಿಸಿ ಒಳಗಿನ ಗೋಡೆಗಳನ್ನು ನೋಡಿದ ಮೇಲಷ್ಟೇ ನಿಧಾನವಾಗಿ ತಿರುಗಿಸಿ. ತಡೆದರೆ ನಿಲ್ಲಿಸಿ, ಹಿಂದಕ್ಕೂ ತಿರುಗಿಸಬೇಡಿ.

ಚಾಲೂ ಮಾಡುವ ಮಾತು ಬೇಡ. ಇದು 1200 ಅಶ್ವಶಕ್ತಿಯ ಎಂಜಿನ್. ಅದಕ್ಕೆ ತಕ್ಕ ಟೆಸ್ಟ್ ಸ್ಟ್ಯಾಂಡ್, ಆಯಿಲ್ ವ್ಯವಸ್ಥೆ, ಬಿರುಕುಗಳ ತಪಾಸಣೆ ಇವೆಲ್ಲ ಕಾಲೇಜಿನ ಅಳವಿಗೆ ಮೀರಿದವು.

ಉತ್ತರ 3 (ಆಟೊಮೊಬೈಲ್ ವಿಭಾಗದ ಅಧ್ಯಾಪಕಿ, ಹುಬ್ಬಳ್ಳಿ)

ಫಿಟರ್ ಸರ್ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ತೊಳೆದಾದ ಮೇಲೆ ಪ್ಲಗ್ಗಿನ ತೂತುಗಳಿಗೆ ತೇವ ಹೀರುವ ಸಿಲಿಕಾ ಜೆಲ್ ತುಂಬಿದ ಪ್ಲಗ್ಗುಗಳನ್ನು ಹಾಕಿ. ನೀಲಿ ಬಣ್ಣದ ಜೆಲ್ ಗುಲಾಬಿಗೆ ತಿರುಗಿದರೆ ತೇವ ಹಿಡಿದಿದೆ ಎಂದರ್ಥ. ಮಳೆಗಾಲದಲ್ಲಿ ವಾರಕ್ಕೊಮ್ಮೆ ನೋಡುವ ಹೊಣೆಯನ್ನು ವಿದ್ಯಾರ್ಥಿಗಳಿಗೇ ವಹಿಸಿ.

ಪ್ರಶ್ನೆ ಕೇಳಿದವರ ಮರುನುಡಿ

ತಮ್ಮೆಲ್ಲರಿಗೂ ಕೃತಜ್ಞತೆಗಳು. ಬಣ್ಣದ ಗುತ್ತಿಗೆಯನ್ನು ಇಂದೇ ನಿಲ್ಲಿಸಿದ್ದೇನೆ. ನಾಳೆ ವಿದ್ಯಾರ್ಥಿಗಳೊಂದಿಗೆ ಪ್ರತಿ ಭಾಗದ ಛಾಯಾಚಿತ್ರ ತೆಗೆದು ಗುರುತುಗಳ ಪಟ್ಟಿ ಮಾಡುತ್ತೇವೆ. ಬಳಿಕ ಅದನ್ನು ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕೆ ಕಳುಹಿಸಿ, ಹೋಲಿಸಿ ನೋಡುವಂತೆ ಕೇಳಿಕೊಳ್ಳುತ್ತೇನೆ. ಒಂದು ರಾಕರ್ ಬಾಕ್ಸಿನ ಮುಚ್ಚಳದ ಮೇಲೆ ಪೆನ್ಸಿಲ್ಲಿನಲ್ಲಿ ಬರೆದ, ಅರೆಬರೆ ಅಳಿಸಿದ ಎರಡು ಅಕ್ಷರಗಳು ಇವತ್ತು ಸಂಜೆ ಕಣ್ಣಿಗೆ ಬಿದ್ದವು. ಆ ಮುಚ್ಚಳವನ್ನು ಮಾತ್ರ ಸೀಮೆಎಣ್ಣೆಯಿಂದಲೂ ಒರೆಸುವುದಿಲ್ಲ.