3ನೇ ಕ್ರಾಸ್‌ನವರೇ, ಒಂದೇ ದಿನ ಮಾತ್ರೆ ತಗೊಳ್ಳೋಣ

ಮನೆ 17: ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಿದು ನೋಡಿದರೆ ಮಗಳ ಚಡ್ಡಿಯಲ್ಲಿ ಹೊಲಿಗೆ ದಾರ ಕತ್ತರಿಸಿ ಚೆಲ್ಲಿದ ಹಾಗೆ ಬಿಳಿ ಹುಳಗಳು ಮಿಸುಕಾಡುತ್ತಿವೆ! ಕೂಸು ಕೆರೆದೂ ಕೆರೆದೂ ರಕ್ತ ಬರಿಸಿಕೊಂಡಿದೆ. ಹೋದ ತಿಂಗಳಷ್ಟೇ ಮಾತ್ರೆ ಕೊಟ್ಟಿದ್ದೆ. ಆ ಮ್ಯಾನ್‌ಹೋಲ್ ಉಕ್ಕುವುದು ನಿಲ್ಲುವುದು ಯಾವಾಗ?

ಮನೆ 22: ಮೂರು ಅರ್ಜಿ ಕೊಟ್ಟಿದ್ದೇನೆ. ಸಹಿ ಹಾಕಲು ಒಬ್ಬರೂ ಬರಲಿಲ್ಲ.

ಮನೆ 9: ಮರಳಿನ ರಾಶಿ ಯಾರದ್ದು ಸಾರ್? ನಾಯಿಗಳೂ ಅಲ್ಲೇ, ಮಕ್ಕಳೂ ಅಲ್ಲೇ.

ಮನೆ 22: ಸುಮ್ನೆ ನನ್ನನ್ನು ಎಳೆಯಬೇಡಿ. ಮನೆ ಕೆಲಸ ಮುಗಿಯಲಿ, ತೆಗೆಸುತ್ತೇನೆ.

ಮನೆ 5: ನಾನು ನರ್ಸ್, ಸ್ವಲ್ಪ ಕೇಳಿ. ಅಕ್ಕ, ಈ ಹುಳ ಚರಂಡಿಯಿಂದ ಬರುವುದಲ್ಲ. ರಾತ್ರಿ ಹೊರಗೆ ಬಂದು ಮೊಟ್ಟೆ ಇಡುತ್ತದೆ, ಅದಕ್ಕೇ ನವೆ. ಕೆರೆದಾಗ ಮೊಟ್ಟೆ ಉಗುರಿಗೆ, ಹಾಸಿಗೆಗೆ, ಜೊತೆಯ ಮಕ್ಕಳ ಕೈಗೆ ಹೋಗುತ್ತದೆ. ಮಾತ್ರೆ ಹುಳ ಸಾಯಿಸುತ್ತದೆ, ಮೊಟ್ಟೆ ಉಳಿಯುತ್ತದೆ. ಎರಡು ವಾರ ಬಿಟ್ಟು ಇನ್ನೊಂದು ಕೊಡಲೇಬೇಕು, ಮನೆಯವರೆಲ್ಲಾ ಒಟ್ಟಿಗೆ ತಗೋಬೇಕು. ಆಲ್ಬೆಂಡಜೋಲ್ 400 ಮಿಲಿಗ್ರಾಂ ಒಂದು, ಅಗಿದು ತಿನ್ನಬೇಕು. ಒಂದರಿಂದ ಎರಡು ವರ್ಷದ ಮಗುವಿಗೆ ಅರ್ಧ. ಬಸುರಿಯರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ಬರಿಗಾಲಿಗೆ ಮಣ್ಣಿನಿಂದ ಹತ್ತುವುದು ಕೊಕ್ಕೆಹುಳ, ಅದು ಬೇರೆ.

ಮನೆ 22: ನೋಡಿ, ಮಣ್ಣು ಅಂತ ಅವರೇ ಹೇಳಿದರು. ಮ್ಯಾನ್‌ಹೋಲೇ ಮೂಲ.

ಮನೆ 12: *ಫಾರ್ವರ್ಡ್* ಪರಂಗಿ ಬೀಜ ತಿಂದರೆ ಹುಳ ಮಾಯ!! ಹತ್ತು ಜನಕ್ಕೆ ಕಳಿಸಿ 🙏

ಮನೆ 31: ನಮ್ಮ ಬಂಡೂರು ಕುರಿಗೆ ಕುಡಿಸುವ ಔಷಧಿ ಅರ್ಧ ಬಾಟಲಿ ಇದೆ. ಅದೂ ಆಲ್ಬೆಂಡಜೋಲೇ. ಬೇಕಾ?

ಮನೆ 5: ಬೇಡವೇ ಬೇಡ ಅಣ್ಣಾ, ಅದರ ಅಳತೆ ಬೇರೆ. ಕುರಿಯ ಈಲಿಗೆ ಸೇರುವ ಚಪ್ಪಟೆ ಹುಳ ನಾಲೆ ಅಂಚಿನ ಬಸವನಹುಳದಿಂದ ಬರುವುದು. ಮನುಷ್ಯರಿಗೆ ಅದು ಬಂದರೆ ಟ್ರೈಕ್ಲಾಬೆಂಡಜೋಲ್ ಅಂತ ಬೇರೆ ಮಾತ್ರೆ.

ಮನೆ 40: ಹುಳಕ್ಕೂ ಆಧಾರ್ ಕೇಳಿ 😂

ಮನೆ 17: ನಗುವ ವಿಷಯ ಅಲ್ಲಪ್ಪ.

ಮನೆ 9: ಫೆಬ್ರವರಿ 10ಕ್ಕೆ ಶಾಲೆಯಲ್ಲೇ ಕೊಡುತ್ತಾರಲ್ವಾ?

ಮನೆ 5: ಅದು 1ರಿಂದ 19 ವರ್ಷದವರಿಗೆ ಮಾತ್ರ. ಅಪ್ಪ, ಅಮ್ಮ, ಅಜ್ಜಿ ಉಳಿದುಬಿಡುತ್ತಾರೆ. ಅವರಿಂದಲೇ ಮಗುವಿಗೆ ಮತ್ತೆ ಬರಬಹುದು.

ಮನೆ 17: ಹಾಗಾದರೆ ಈ ಭಾನುವಾರ, ಮಕ್ಕಳಿರುವ ಎಲ್ಲಾ ಮನೆಯವರೂ. ಉಗುರು ಕತ್ತರಿಸಿ, ಸೋಮವಾರ ಹಾಸಿಗೆ ಬಟ್ಟೆ ಬಿಸಿನೀರಿಗೆ ಹಾಕಿ. ಒಪ್ಪುವವರು ಮನೆ ನಂಬರ್ ಹಾಕಿ.

ಮನೆ 9: 9

ಮನೆ 22: ಮೊದಲು ಮ್ಯಾನ್‌ಹೋಲ್. ನಾಳೆ ಹತ್ತಕ್ಕೆ ಎಲ್ಲರೂ ಆಫೀಸಿಗೆ.

ಮನೆ 12: ಇವತ್ತು ನಲ್ಲಿ ನೀರು ಬಂತಾ?

ಮನೆ 31: ಇಲ್ಲ. ನಾಲ್ಕು ದಿನ ಆಯ್ತು.

ಮನೆ 22: ಟ್ಯಾಂಕರ್ ತರಿಸೋಣ, ಮನೆಗೆ ಇನ್ನೂರು. ಕೊಡುವವರು ನಂಬರ್ ಹಾಕಿ.

ಮನೆ 12: 12

ಮನೆ 31: 31

ಮನೆ 40: 40 👍

ಮನೆ 17: ಟ್ಯಾಂಕರ್‌ಗೆ 17ನ್ನೂ ಸೇರಿಸಿ. ಮಾತ್ರೆಗೆ 9 ಒಂದೇ ಬಂದಿದೆ. 12ರವರೇ, ನಿಮ್ಮ ಪುಟ್ಟಿ ನನ್ನ ಮಗಳ ಪಕ್ಕದಲ್ಲೇ ಕೂತು ಆಡುತ್ತಾಳೆ. ನಿಮಗೂ ಸೇರಿಸಿ ಮಾತ್ರೆ ತರಲಾ?