ದುರ್ಗದ ಮಾಡ್: ಮೈಸೂರಿನ ಎಐ ಸಂಧಿಗೆ ಒಪ್ಪುವುದೇ ಇಲ್ಲ, ಏನು ಮಾಡಬಹುದು?

ಕಲ್ಲಿನಕೋಟೆ (ಚಿತ್ರದುರ್ಗ)

ಯೂರೋಪಾ ಯೂನಿವರ್ಸಾಲಿಸ್ 4 ಎಂಬ ಕಂಪ್ಯೂಟರ್ ತಂತ್ರದಾಟಕ್ಕೆ ಪಾಳೆಯಗಾರರ ಕಾಲದ ಮಾಡ್ (ಆಟವನ್ನು ತಿದ್ದಿ ಮಾಡಿದ ರೂಪ) ಒಂದನ್ನು ಸಿದ್ಧಪಡಿಸುತ್ತಿದ್ದೇನೆ. ಚಿತ್ರದುರ್ಗ, ಹರಪನಹಳ್ಳಿ, ತರೀಕೆರೆ, ರಾಯದುರ್ಗಗಳು ಅದರಲ್ಲಿ ಪ್ರತ್ಯೇಕ ಸಂಸ್ಥಾನಗಳು. ಎಐ, ಅಂದರೆ ಕಂಪ್ಯೂಟರ್, ಆಡಿಸುವ ಮೈಸೂರು ಒಮ್ಮೆ ದುರ್ಗಕ್ಕೆ ಮುತ್ತಿಗೆ ಹಾಕಿತೆಂದರೆ, ಉತ್ತರದಿಂದ ಮರಾಠರು ಗಡಿ ದಾಟಿ ಪ್ರಾಂತ್ಯಗಳನ್ನು ಹಿಡಿಯುತ್ತಿದ್ದರೂ ಅಲ್ಲಿಂದ ಕದಲುವುದಿಲ್ಲ, ನಾಯಕರು ಹಣ ಕೊಡುತ್ತೇವೆಂದರೂ ಒಪ್ಪುವುದಿಲ್ಲ. ಯುದ್ಧ ಎಳೆದಷ್ಟೂ ಸಂಧಿಯ ಇಚ್ಛೆ ಬೆಳೆಯುವಂತೆ ಡಿಫೈನ್ಸ್ ಫೈಲಿನ (ಆಟದ ಮೂಲ ಅಂಕೆಗಳಿರುವ ಕಡತ) ಅಂಕೆಗಳನ್ನು ಏರಿಸಿದರೆ, ಗೆಲ್ಲುತ್ತಿರುವ ರಾಜ್ಯಗಳೂ ಬರಿಗೈಯಲ್ಲಿ ಮನೆಗೆ ಹೊರಡುತ್ತವೆ. ನಡುವಿನ ದಾರಿ ಯಾವುದು?

ಬೆಣ್ಣೆದೋಸೆ (ದಾವಣಗೆರೆ)

ಡಿಫೈನ್ಸ್‌ನ ಅಂಕೆ ಇಡೀ ಭೂಪಟಕ್ಕೆ ಅನ್ವಯಿಸುತ್ತದೆ. ನೀವು ದುರ್ಗಕ್ಕಾಗಿ ತಿದ್ದಿದ್ದು ಫ್ರಾನ್ಸ್‌ಗೂ ಮಿಂಗ್ ಚೀನಾಕ್ಕೂ ತಗಲುತ್ತದೆ. ಅದನ್ನು ಮೂಲ ಸ್ಥಿತಿಗೆ ತಂದುಬಿಡಿ. ನಿಮಗೆ ಬೇಕಾದ ಕಾರಣ ಯುದ್ಧದ ಅವಧಿಯಲ್ಲ, ಎರಡನೆಯ ರಣರಂಗ. 1777ರ ಮುತ್ತಿಗೆಯನ್ನೇ ನೋಡಿ: ಹೈದರಾಲಿ ತಿಂಗಳುಗಟ್ಟಲೆ ಕೋಟೆಯ ಕೆಳಗೆ ಕಾದರೂ ಅದು ಕೈವಶವಾಗಲಿಲ್ಲ, ಅತ್ತ ಮರಾಠರ ಭೀತಿಯೂ ಇತ್ತು, ಕೊನೆಗೆ ಮದಕರಿ ನಾಯಕನಿಂದ ದೊಡ್ಡ ಮೊತ್ತದ ದಂಡ ಒಪ್ಪಿಸಿಕೊಂಡು ಹಿಂದಿರುಗಿದ.

ಇದನ್ನು ಟ್ರಿಗರ್ಡ್ ಮಾಡಿಫೈಯರ್ (ಷರತ್ತುಗಳು ಕೂಡಿದಾಗ ಮಾತ್ರ ಜಾರಿಯಾಗುವ ಪರಿಣಾಮ) ಆಗಿ ಬರೆಯಬಹುದು. ಆ ದೇಶವನ್ನು ಎಐ ಆಡಿಸುತ್ತಿರಬೇಕು, ಅದು ದುರ್ಗದ ಮೇಲೆ ಆಕ್ರಮಣಕಾರಿ ಯುದ್ಧದಲ್ಲಿರಬೇಕು, ಅದೇ ಹೊತ್ತಿಗೆ ಮರಾಠರೊಂದಿಗೂ ಯುದ್ಧ ನಡೆಯುತ್ತಿರಬೇಕು. ಈ ಮೂರೂ ಕೂಡಿದ ತಿಂಗಳುಗಳಲ್ಲಿ ಮಾತ್ರ ವಾರ್ ಎಕ್ಸಾಸ್ಷನ್ (ಯುದ್ಧದ ದಣಿವಿನ ಅಂಕೆ) ಸ್ವಲ್ಪಸ್ವಲ್ಪವೇ ಏರಲಿ. ಸಂಧಿಗೆ ಒಪ್ಪುವ ಲೆಕ್ಕದಲ್ಲಿ ಅದು ಹೇಗೂ ಸೇರಿರುವುದರಿಂದ ಉಳಿದದ್ದನ್ನು ಆಟವೇ ನೋಡಿಕೊಳ್ಳುತ್ತದೆ.

ಹೊಂಡದ ನೀರು (ಚಿತ್ರದುರ್ಗ)

ಮೇಲಿನ ಸಲಹೆ ಸರಿಯಾಗಿಯೇ ಇದೆ, ಆದರೆ ಕೋಟೆ ಬೇಗ ಬಿದ್ದರೆ ಅದಕ್ಕೆ ಕೆಲಸವೇ ಇರುವುದಿಲ್ಲ. ಆಟದ ಮುತ್ತಿಗೆಯಲ್ಲಿ ನೀರಿನ ಕೊರತೆ, ಆಹಾರದ ಕೊರತೆ ಎಂಬ ಫಲಿತಾಂಶಗಳು ಬರುತ್ತವೆ. ಅಕ್ಕ-ತಂಗಿಯರ ಹೊಂಡ, ಗೋಪಾಲಸ್ವಾಮಿ ಹೊಂಡ, ಕಣಜ, ಎಣ್ಣೆಕೊಳ ಎಲ್ಲವನ್ನೂ ಏಳು ಸುತ್ತಿನೊಳಗೆ ಇಟ್ಟುಕೊಂಡ ಕೋಟೆಗೆ ಅವು ಅಷ್ಟು ಬೇಗ ತಟ್ಟಬಾರದು. ಆ ಫಲಿತಾಂಶಗಳನ್ನು ಒಂದು ಪ್ರಾಂತ್ಯಕ್ಕೆಂದು ತೆಗೆದುಹಾಕಲು ಹೋಗಬೇಡಿ. ದುರ್ಗದ ಪ್ರಾಂತ್ಯಕ್ಕೆ ಸ್ಥಳೀಯ ಡಿಫೆನ್ಸಿವ್‌ನೆಸ್ (ಕೋಟೆಯ ತಡೆಯುವ ಬಲ) ಕೊಟ್ಟರೆ ಮುತ್ತಿಗೆಯ ಪ್ರತಿ ಹಂತವೂ ದೀರ್ಘವಾಗುತ್ತದೆ, ಮರಾಠರಿಗೆ ಬಂದು ಮುಟ್ಟಲು ಸಮಯ ಸಿಗುತ್ತದೆ.

ಇನ್ನು, ಆಟಗಾರ ತಾನೇ ನಾಯಕನಾಗಿ ಆಡಿದರೆ ಪ್ರತಿ ಬಾರಿಯೂ ಮರಾಠರ ಆಸರೆಯಲ್ಲಿ ಅಗ್ಗದ ಸಂಧಿ ಮಾಡಿಕೊಳ್ಳುವ ಅಪಾಯವಿದೆ. ಆದ್ದರಿಂದ ಮಾಸಿಕ ಏರಿಕೆ ತೀರಾ ಸಣ್ಣದಿರಲಿ.

ಕಲ್ಲಿನಕೋಟೆ (ಚಿತ್ರದುರ್ಗ)

ಇಬ್ಬರಿಗೂ ಧನ್ಯವಾದಗಳು. ಎರಡನ್ನೂ ಸೇರಿಸಿ ಅಬ್ಸರ್ವ್ ಮೋಡ್‌ನಲ್ಲಿ (ಎಲ್ಲ ರಾಜ್ಯಗಳನ್ನೂ ಎಐಗೆ ಬಿಟ್ಟು) ಓಡಿಸಿ ನೋಡಿದೆ. ಈಗ ಮೈಸೂರು ಹಣ ಪಡೆದು ಹಿಂದಿರುಗುತ್ತದೆ, ಹರಪನಹಳ್ಳಿಯ ಯುದ್ಧಗಳು ಮೊದಲಿನಂತೆಯೇ ನಡೆಯುತ್ತವೆ. ಉಳಿದಿರುವುದು ಕದನವಿರಾಮ: ಹೈದರಾಲಿ ಮತ್ತೆ ಬಂದು 1779ರಲ್ಲಿ ಕೋಟೆ ಹಿಡಿದ, ಆದರೆ ಆಟದಲ್ಲಿ ಹಣದ ಸಂಧಿಗೂ ಕನಿಷ್ಠ ಐದು ವರ್ಷದ ವಿರಾಮವಿದೆ, ಎಐ ಅದನ್ನು ಮುರಿಯುವುದಿಲ್ಲ.

ಬೆಣ್ಣೆದೋಸೆ (ದಾವಣಗೆರೆ)

ಆ ಐದು ವರ್ಷವೂ ಡಿಫೈನ್ಸ್‌ನಲ್ಲಿಯೇ ಇದೆ, ಇಳಿಸಿದರೆ ಎಲ್ಲರಿಗೂ ಇಳಿಯುತ್ತದೆ. ನನ್ನ ಅಭಿಪ್ರಾಯದಲ್ಲಿ ಅದನ್ನು ಮುಟ್ಟಬೇಡಿ. ದುರ್ಗ 1779ರ ಬದಲು 1782ರಲ್ಲಿ ಬಿದ್ದರೆ ಆಟಕ್ಕೆ ನಷ್ಟವೇನಿಲ್ಲ, ಅಷ್ಟರಲ್ಲಿ ನಾಯಕನಾಗಿ ಆಡುವವನಿಗೆ ಖಜಾನೆ ತುಂಬಿಕೊಳ್ಳಲು ಅವಕಾಶವಾದರೂ ಆಗುತ್ತದೆ.